ಟಾಟಾ ಇನ್‌ಸ್ಟಿಟ್ಯೂಟಿನ ಸಂದರ್ಶನ

ಬೆಂಗಳೂರಿನ ಮಲ್ಲೇಶ್ವರವನ್ನು ದಾಟಿ ಯಶವಂತಪುರದ ಕಡೆಗೆ ಹೋಗುವವರಿಗೆ ವೃಕ್ಷಗಳಿಂದ ದಟ್ಟವಾದ ಒಂದು ವಿಶಾಲ ಪ್ರದೇಶವು ಕಾಣಬರುವುದು. ಭಾರತೀಯ ವಿಜ್ಞಾನ ಸಂಸ್ಥೆಯೆಂಬ ಹೆಸರಿದ್ದರೂ ಊರಿನ ಹಳಬರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟೇ ಸರಿ. ನಮ್ಮ ತಂಗಿಯ ಮೊಮ್ಮಗಳು ಬಿ.ಎಸ್‌ಸಿ. ಮುಗಿಸಿ, ಜೀವವಿಜ್ಞಾನದಲ್ಲಿ ಸಂಶೋಧನೆ ಮಾಡಬೇಕೆಂದು ಹಂಬಲಿಸುತ್ತಿರುವಳು. ಇನ್ನೂ ಐದಾರು ವರ್ಷಗಳ ಓದೇ ಎಂಬುದು ಮನೆಯವರ ಚಿಂತೆ. ಕಣ್ಣಾರೆ ಕಂಡು ಹೇಳುವ ಭಾರವು ನಮ್ಮ ಮೇಲೆ ಬಿದ್ದುದರಿಂದ ಅವಳೊಡನೆ ಹೊರಟೆವು.

ಸಂಸ್ಥೆಯ ಕನಸನ್ನು ಕಂಡ ಜಮ್‌ಷೆಟ್‌ಜಿ ಟಾಟಾ ಅವರು 1904ರಲ್ಲಿ ಕಾಲವಾದರು. ಸಂಸ್ಥೆಯು ಸ್ಥಾಪಿತವಾದದ್ದು 1909ರಲ್ಲಿ. ಮೈಸೂರು ಸಂಸ್ಥಾನವು 371 ಎಕರೆ ಭೂಮಿಯನ್ನು ದಾನವಾಗಿತ್ತಿತು. ಕಲ್ಲಿನ ಮುಖ್ಯ ಕಟ್ಟಡದ ಮುಂದೆ ಟಾಟಾ ಅವರ ಪ್ರತಿಮೆಯಿರುವುದು. ಸಸಿ ನೆಟ್ಟವರಿಗೆ ನೆರಳು ದೊರೆಯಲಿಲ್ಲ. ಅದು ಮುಂದಿನವರ ಪಾಲಾಯಿತು.

ಆದರೆ ಆ ನೆರಳು ಎಲ್ಲರಿಗೂ ಸುಲಭವಾಗಿ ಲಭಿಸಲಿಲ್ಲ. 1933ರಲ್ಲಿ ಮುಂಬಯಿಯ ಪದವೀಧರೆ ಕಮಲಾ ಭಾಗವತರು ಅರ್ಜಿ ಹಾಕಿದಾಗ, ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ನರು ಹೆಣ್ಣೆಂಬ ಕಾರಣದಿಂದ ಒಪ್ಪಲಿಲ್ಲ. ಆಕೆ ಪಟ್ಟು ಬಿಡದೆ, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿಗೆ ಒಳಪಟ್ಟು ಸೇರಿದರು. ಹಾಲು, ದ್ವಿದಳ ಧಾನ್ಯಗಳ ಪ್ರೋಟೀನುಗಳನ್ನು ಅಭ್ಯಸಿಸಿ, 1939ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪಡೆದರು. ಇವರೇ ಮುಂದೆ ಕಮಲಾ ಸೋಹೊನಿ ಎಂದು ಪ್ರಸಿದ್ಧರಾದವರು.

1983ರಲ್ಲಿ ಇಲ್ಲಿ ಪರಿಸರ ವಿಜ್ಞಾನ ಕೇಂದ್ರವು ಆರಂಭವಾಯಿತು. ಪ್ರಾಧ್ಯಾಪಕ ರಾಘವೇಂದ್ರ ಗದಗ್ಕರರೂ ಅವರ ಶಿಷ್ಯರೂ ದಶಕಗಳ ಕಾಲ ಕಣಜಗಳಿಗೆ ಬಣ್ಣದ ಚುಕ್ಕೆಯಿಟ್ಟು ಒಂದೊಂದನ್ನೂ ಗುರುತಿಸಿ, ಗೂಡಿನ ರಾಣಿಯನ್ನು ತೆಗೆದರೆ ಯಾವುದು ಉತ್ತರಾಧಿಕಾರಿಣಿಯಾಗುವುದೆಂದು ಕಾದು ನೋಡಿದರು. ಮುದುಮಲೈ ಅರಣ್ಯದಲ್ಲಿ ಐವತ್ತು ಹೆಕ್ಟೇರಿನ ಮರಗಳಿಗೆ ಸಂಖ್ಯೆ ಕೊಟ್ಟು, ಅವುಗಳ ಹುಟ್ಟುಸಾವುಗಳನ್ನು 1988ರಿಂದ ಲೆಕ್ಕವಿಟ್ಟಿರುವರು. ವೇದಾಧ್ಯಯನಕ್ಕೆ ಬೇಕಾದ ತಾಳ್ಮೆಯೇ ಇಲ್ಲಿಯೂ ಬೇಕೆಂದು ನಮಗೆ ತೋರಿತು.

ಪ್ರವೇಶದ ಬಗೆ ಹೀಗಿರುವುದು. ಎಂ.ಎಸ್‌ಸಿ. ಆದವರು ಗೇಟ್ ಅಥವಾ ನೆಟ್-ಜೆ.ಆರ್.ಎಫ್. ಮೊದಲಾದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಳಿಕ ಸಂದರ್ಶನವನ್ನು ಎದುರಿಸಬೇಕು. ಬಿ.ಎಸ್‌ಸಿ. ಆದವರಿಗೆ ಎಂ.ಎಸ್‌ಸಿ.ಯನ್ನೂ ಒಳಗೊಂಡ ಸಂಯೋಜಿತ ಪಿಎಚ್.ಡಿ. ಉಂಟು, ಅದಕ್ಕೆ ಜ್ಯಾಮ್ ಪರೀಕ್ಷೆಯ ದಾರಿಯಿದೆ. ನಗರದ ಉತ್ತರದಲ್ಲಿ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರಗಳೂ ವಿಚಾರಿಸತಕ್ಕವು. 2023ರ ಪರಿಷ್ಕರಣದಂತೆ ಜೆ.ಆರ್.ಎಫ್. ವೇತನವು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000. ಆದುದರಿಂದ ಮನೆಗೆ ಹೊರೆಯಾಗುವ ಓದೆಂದು ಅಂಜಬೇಕಾಗಿಲ್ಲ.

ಕಷ್ಟವನ್ನೂ ಮರೆಮಾಚಲಾಗದು. ತಿಂಗಳುಗಟ್ಟಲೆ ನಡೆಸಿದ ಪ್ರಯೋಗವು ಒಂದೇ ದಿನದಲ್ಲಿ ನಿಷ್ಫಲವಾಗಬಹುದು. ಪದವಿ ಬಂದ ಮಾತ್ರಕ್ಕೆ ಉದ್ಯೋಗವು ಸಿದ್ಧವಾಗಿರದು. ಗುರುವನ್ನು ಆರಿಸುವ ಮುನ್ನ ಅವರ ಶಿಷ್ಯರನ್ನು ಕಂಡು ಮಾತನಾಡುವುದು ವಿಹಿತ. ಇಷ್ಟನ್ನೂ ತಿಳಿದ ಮೇಲೆಯೂ ಮಕ್ಕಳ ಆಸೆ ಕುಗ್ಗದಿದ್ದರೆ, ಗೃಹಸ್ಥರು ಅಡ್ಡಬರಬಾರದೆಂಬುದು ನಮ್ಮ ಅಭಿಮತ. ಹೆಣ್ಣುಮಕ್ಕಳ ವಿಷಯದಲ್ಲಂತೂ, 1933ರಲ್ಲಿ ಮುಚ್ಚಿದ್ದ ಬಾಗಿಲನ್ನು ಒಬ್ಬಾಕೆ ತೆರೆದಿಟ್ಟಿರುವಾಗ, ಅದನ್ನು ನಮ್ಮ ಮನೆಗಳಲ್ಲಿ ಮತ್ತೆ ಮುಚ್ಚುವುದು ಧರ್ಮವಲ್ಲ.