ಹನ್ನೆರಡನ್ನು ಬಿಟ್ಟುಕೊಡುವ ಲೆಕ್ಕ

ಗಾಲ್ಫ್‌ನಲ್ಲಿ ಚೆಂಡು ಹೊಡೆಯುವುದರಷ್ಟೇ ನನಗೆ ಪ್ರಿಯವಾದದ್ದು ಆಟ ಮುಗಿದ ಮೇಲೆ ಕಾರ್ಡು ಹಿಡಿದು ಹ್ಯಾಂಡಿಕ್ಯಾಪ್, ಅಂದರೆ ಬಲ ಸರಿದೂಗಿಸಲು ಆಟಗಾರನಿಗೆ ಸಿಗುವ ಹೊಡೆತಗಳ ಲೆಕ್ಕ ಹಾಕುವುದು. ಈ ಪದ್ಧತಿ ನಾವು ಆಡಿದ ಕೊನೆಯ 20 ಸುತ್ತುಗಳನ್ನು ಎದುರಿಗಿಟ್ಟುಕೊಂಡು, ಚೆನ್ನಾಗಿ ಆಡಿದ 8ನ್ನು ಮಾತ್ರ ಆರಿಸಿ ಸರಾಸರಿ ತೆಗೆಯುತ್ತದೆ. ಉಳಿದ 12ರ ಗೊಡವೆಗೇ ಹೋಗುವುದಿಲ್ಲ. ಕ್ರಿಕೆಟ್ಟಿನ ಬ್ಯಾಟಿಂಗ್ ಸರಾಸರಿ ಸೊನ್ನೆಗೆ ಔಟಾದ ದಿನವನ್ನೂ ಬಿಡದು. ಹ್ಯಾಂಡಿಕ್ಯಾಪ್ ನೋಡುವುದು ನಮ್ಮ ಕೈಯಲ್ಲಿ ಎಷ್ಟು ಆದೀತು ಎಂಬುದನ್ನು. ಇಷ್ಟು ಉದಾರವಾದ ಗಣಿತವನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಉದಾರ, ಆದರೆ ಸಡಿಲವಲ್ಲ. ಪ್ರತಿ ಕೋರ್ಸಿಗೂ ಎರಡು ಸಂಖ್ಯೆಗಳಿವೆ. ಸೊನ್ನೆ ಹ್ಯಾಂಡಿಕ್ಯಾಪ್‌ನ ಪಳಗಿದ ಆಟಗಾರ ಅಲ್ಲಿ ಎಷ್ಟು ಹೊಡೆತಗಳಲ್ಲಿ ಮುಗಿಸಿಯಾನು ಎಂಬುದು ಕೋರ್ಸ್ ರೇಟಿಂಗ್. ಅವನಿಗಿಂತ ನಮ್ಮಂಥವರಿಗೆ ಆ ನೆಲ ಎಷ್ಟು ಹೆಚ್ಚು ಕಷ್ಟ ಕೊಡುತ್ತದೆ ಎಂಬುದು ಸ್ಲೋಪ್. 55ರಿಂದ 155ರವರೆಗೆ ಇರುವ ಇದಕ್ಕೆ 113 ಅಳತೆಗೋಲು. ರೇಟಿಂಗ್ 71.2, ಸ್ಲೋಪ್ 126 ಇರುವ ಕಡೆ 95 ಹೊಡೆದೆವೆನ್ನಿ. 95ರಲ್ಲಿ 71.2 ಕಳೆದು, 113ರಿಂದ ಗುಣಿಸಿ, 126ರಿಂದ ಭಾಗಿಸಿದರೆ ಆ ದಿನದ ಲೆಕ್ಕ 21.3. ಗಾಳಿ ಮಳೆಯಿಂದ ಎಲ್ಲರ ಆಟವೂ ಕೆಟ್ಟಿದ್ದರೆ ಅದಕ್ಕೂ ರಿಯಾಯಿತಿ ಉಂಟು. ಒಂದೇ ಹೋಲ್‌ನಲ್ಲಿ ಚೆಂಡು ಮತ್ತೆ ಮತ್ತೆ ನೀರಿಗೆ ಬಿದ್ದರೂ ಲೆಕ್ಕಕ್ಕೆ ಬರುವ ಹೊಡೆತಗಳಿಗೆ ಮಿತಿ ಇದೆ: ಪಾರ್ (ಆ ಹೋಲ್‌ಗೆ ಗೊತ್ತುಮಾಡಿದ ಹೊಡೆತಗಳು), ಮೇಲೆ ಎರಡು, ಜೊತೆಗೆ ಆ ಹೋಲ್‌ನಲ್ಲಿ ನಮಗೆ ಸಿಗುವ ಹೊಡೆತ. ಒಂದು ಹೋಲ್ ಇಡೀ ದಿನವನ್ನು ನುಂಗಬಾರದು ಎಂಬ ಈ ನಿಯಮವನ್ನು ಬರೆದವರಿಗೆ ನನ್ನ ನಮಸ್ಕಾರ.

2020ಕ್ಕೆ ಮುಂಚೆ ಜಗತ್ತಿನಲ್ಲಿ ಆರು ಬಗೆಯ ಪದ್ಧತಿಗಳಿದ್ದವು, ಈಗ ಒಂದೇ. 1876ರಲ್ಲೇ ಗಾಲ್ಫ್ ಕ್ಲಬ್ ಕಟ್ಟಿಕೊಂಡ ಬೆಂಗಳೂರಿನಲ್ಲಿ ಗಳಿಸಿದ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಸ್ಕಾಟ್ಲೆಂಡಿನಲ್ಲೂ ಸಲ್ಲುತ್ತದೆ. ಸಂಖ್ಯೆ ಅದೇ ಇದ್ದರೂ ಕಠಿಣ ಕೋರ್ಸಿನಲ್ಲಿ ಹೆಚ್ಚು ಹೊಡೆತ ಸಿಗುತ್ತವೆ, ಸುಲಭದ ಕಡೆ ಕಡಿಮೆ.

ಇದರ ನಿಜವಾದ ಸೊಗಸು ಇಬ್ಬರು ಎದುರುಬದುರು ಆಡುವಾಗ. ನಮ್ಮ ಕೋರ್ಸಿನಲ್ಲಿ ಅಣ್ಣನ ಮಗನದು 6, ನನ್ನದು 21. ವ್ಯತ್ಯಾಸ 15. ಹೋಲ್‌ಗಳಿಗೆ ಕೊಟ್ಟ 1ರಿಂದ 18ರ ಸ್ಟ್ರೋಕ್ ಇಂಡೆಕ್ಸ್‌ನಲ್ಲಿ ಮೊದಲ ಹದಿನೈದರಲ್ಲಿ ನನಗೆ ಒಂದೊಂದು ಹೊಡೆತ ಬಿಟ್ಟುಕೊಡಬೇಕು. "ಚಿಕ್ಕಪ್ಪ, ಇಲ್ಲಿ ನಿಮಗೆ ಒಂದು ಶಾಟ್ ಇದೆ" ಎಂದು ಅವನೇ ನೆನಪಿಸುತ್ತಾನೆ. ಆ ಹೋಲ್‌ನಲ್ಲಿ ನನ್ನ ಐದು ಅವನ ನಾಲ್ಕಕ್ಕೆ ಸಮ. ಅವನು ಬೇಕೆಂದು ಕೆಟ್ಟದಾಗಿ ಆಡಬೇಕಿಲ್ಲ, ನಾನು ಕರುಣೆ ಬೇಡಬೇಕಿಲ್ಲ. ವಯಸ್ಸು, ಬಲ, ಅಭ್ಯಾಸ ಯಾವುದರಲ್ಲೂ ಸಾಟಿಯಲ್ಲದ ಇಬ್ಬರು ಕೊನೆಯ ಗ್ರೀನ್‌ವರೆಗೂ ಪಟ್ಟು ಬಿಡದೆ ಸೆಣಸುತ್ತೇವೆ.

ಇದೆಲ್ಲ ನಿಂತಿರುವುದು ನಾವು ಸಲ್ಲಿಸುವ ಕಾರ್ಡಿನ ಮೇಲೆ. ಹ್ಯಾಂಡಿಕ್ಯಾಪ್ ಬೇಕಾಬಿಟ್ಟಿ ಏರದಂತೆ ತಡೆಯಿದೆ ನಿಜ. ವರ್ಷದ ಅತಿ ಕಡಿಮೆ ಇಂಡೆಕ್ಸ್‌ಗಿಂತ 5.0 ದಾಟಿ ಅದು ಮೇಲೆ ಹೋಗದು. ಆದರೆ ಚೆನ್ನಾಗಿ ಆಡಿದ ದಿನದ ಕಾರ್ಡನ್ನು ಜೇಬಿನಲ್ಲೇ ಉಳಿಸಿಕೊಂಡು ಪಂದ್ಯಕ್ಕೆ ಬರುವವರನ್ನು ಹಿಡಿಯುವುದು ಯಾವ ಸೂತ್ರಕ್ಕೂ ಸುಲಭವಲ್ಲ. ಹಾಗಾಗಿ ಗೆಳೆಯರೇ, ಒಳ್ಳೆಯದೋ ಕೆಟ್ಟದ್ದೋ, ಆಡಿದ ಪ್ರತಿ ಸುತ್ತನ್ನೂ ಅಂದೇ ದಾಖಲಿಸಿ.