ಉಂಬಳಕ್ಕೆ ಉಪ್ಪು

ಕಾಡಿಗೆ ಹೊರಟವನ ಚೀಲದಲ್ಲಿ ಕಾಡಿಗೆ ಬೇಕಾದದ್ದು ಒಂದು ಹಿಡಿ. ಉಳಿದದ್ದೆಲ್ಲ ಮನೆಯವರ ಹೆದರಿಕೆ. ಎಂಬತ್ತರ ದಶಕದಲ್ಲಿ ನಾನು ಮೂಡುಬಿದಿರೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ದಸರಾ ರಜೆಯಲ್ಲಿ ಚಾರ್ಮಾಡಿಯ ಬುಡದಲ್ಲಿ ಒಂದು ವಾರ ಗಿಡಮರ ನೋಡುವ ಶಿಬಿರವೆಂದು ಸಸ್ಯಶಾಸ್ತ್ರದ ಮೇಷ್ಟ್ರು ಪಟ್ಟಿ ಬರೆಸಿದರು: ಭೂತಗನ್ನಡಿ, ಚಾಕು, ದಾರ, ಪೆನ್ಸಿಲು (ಮಳೆಗೆ ಶಾಯಿ ನಿಲ್ಲುವುದಿಲ್ಲ), ಹಳೆ ಪೇಪರು. ಇಷ್ಟನ್ನು ಜೋಳಿಗೆಗೆ ಹಾಕಿ ಹೆಗಲಿಗೇರಿಸಿದ್ದರೆ ಮುಗಿಯುತ್ತಿತ್ತು. ಆದರೆ ಪಟ್ಟಿ ಬಂಟ್ವಾಳದ ನಮ್ಮ ಮನೆಗೆ ಬಂತು.

ಅಮ್ಮನ ಹೆದರಿಕೆ ಹೊಟ್ಟೆಯದು. ಅವಲಕ್ಕಿ, ಹಲಸಿನ ಹಪ್ಪಳ, ಭರಣಿಯಿಂದ ಬಾಟಲಿಗಿಳಿದ ಮಿಡಿ ಉಪ್ಪಿನಕಾಯಿ, ಅದು ಸೋರಿದರೆ ಇರಲೆಂದು ಸುತ್ತಿದ ಬೈರಾಸು, ಆ ಬೈರಾಸು ಹಾಳಾದರೆ ಮೈ ಒರೆಸಲಿಕ್ಕೆ ಇನ್ನೊಂದು ಬೈರಾಸು. ಅಪ್ಪನದು ಕತ್ತಲೆಯ ಹೆದರಿಕೆ: ಮೂರು ಸೆಲ್ಲಿನ ಟಾರ್ಚು, ಅದು ಕೈಕೊಟ್ಟರೆ ಮೇಣದಬತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆಂಕಿಪೆಟ್ಟಿಗೆ. ಮುಂಡಾಜೆ ಕಡೆ ಅಡಿಕೆ ತೋಟವಿದ್ದ ಸೋದರಮಾವ ಉಂಬಳದ ವಿಷಯದಲ್ಲಿ ತಜ್ಞರು. ಉಪ್ಪು, ಸುಣ್ಣ, ಹೊಗೆಸೊಪ್ಪು ಮೂರನ್ನೂ ಪೊಟ್ಟಣ ಕಟ್ಟಿ ಕಳಿಸಿದರು. ಅಜ್ಜಿ ಧರ್ಮಸ್ಥಳದ ಗಂಧಪ್ರಸಾದವನ್ನು ಜೇಬಿಗೆ ತುರುಕಿ, “ಗಿಡ ನೋಡ್ಲಿಕ್ಕೆ ಅಷ್ಟು ದೂರ ಎಂತಕ್ಕೆ ಮಾರಾಯ? ನಮ್ಮ ಗುಡ್ಡೆಯಲ್ಲೇ ಉಂಟಲ್ಲ” ಎಂದರು. ಕುಂಟಾಲ, ಕೇಪಳ, ಪುನರ್ಪುಳಿ, ಹೆಬ್ಬಲಸು ಎಲ್ಲ ಇದ್ದದ್ದು ನಿಜ. ಆದರೆ ಅಜ್ಜಿ ಹೇಳಿದ ಹೆಸರಿಗೆ ಪರೀಕ್ಷೆಯಲ್ಲಿ ಮಾರ್ಕು ಕೊಡುತ್ತಿರಲಿಲ್ಲ.

ಏರ್‌ಬ್ಯಾಗಿನ ಜಿಪ್ಪು ಅರ್ಧಕ್ಕೆ ನಿಂತಿತು. ಉಳಿದರ್ಧಕ್ಕೆ ಬಾವಿಯ ಹಳೆ ಹಗ್ಗ. ಸಿದ್ಧಕಟ್ಟೆ ದಾರಿಯಲ್ಲಿ ಮೂಡುಬಿದಿರೆಗೆ ಹೋಗುವಾಗ ಬಸ್ಸಿನ ಕಂಡಕ್ಟರ್ ಅದನ್ನು ಎತ್ತಿ ನೋಡಿ, “ಮನೆ ಖಾಲಿ ಮಾಡಿದ್ದಾ?” ಎಂದು ಕೇಳಿದ. ಮರುದಿನ ತಂಡವೆಲ್ಲ ವೇಣೂರಿನ ಮೇಲೆ ಹೊರಟೆವು. ಅಲ್ಲಿ ಫಲ್ಗುಣಿಯ ದಡದಲ್ಲಿ 1604ರಿಂದ ನಿಂತಿರುವ ಮೂವತ್ತೈದು ಅಡಿಯ ಗೊಮ್ಮಟನಿದ್ದಾನೆ. ಕಾಡಿಗೆ ಹೋಗಿ ಗಿಡಗಳ ಜೊತೆಗಿರುವುದು ಎಂದರೆ ಹಾಗೆ: ಬಟ್ಟೆಯ ಗಂಟೂ ಇಲ್ಲ, ಬಳ್ಳಿ ತಾನಾಗಿ ಬಂದು ಮೈಗೆ ಹಬ್ಬಬೇಕು. ನಾವೋ ಬಳ್ಳಿಯನ್ನು ಕೊಯ್ದು ಪೇಪರಿನೊಳಗೆ ಒತ್ತುವವರು.

ಬಿಡಾರ ರಜೆಗೆ ಮುಚ್ಚಿದ್ದ ಒಂದು ಪ್ರಾಥಮಿಕ ಶಾಲೆಯಲ್ಲಿ. ಚೀಲ ಬಿಚ್ಚಿದಾಗ ತಿಳಿಯಿತು, ದಕ್ಷಿಣ ಕನ್ನಡದ ಅಮ್ಮಂದಿರೆಲ್ಲ ಒಬ್ಬರೇ. ಕಿಟಕಿಯ ದಂಡೆಯಲ್ಲಿ ಸಾಲು ಸಾಲು ಮಿಡಿ ಉಪ್ಪಿನಕಾಯಿ. ಮೇಷ್ಟ್ರು ತಂದದ್ದು ಒಂದು ಜೋಳಿಗೆ, ಅದರಲ್ಲೊಂದು ಲುಂಗಿ. ಊಟಕ್ಕೆ ಕೂತಾಗ ಮಾತ್ರ ಅವರು ನಮ್ಮ ಬಾಟಲಿಗಳ ಜಾತಿ, ಗುಣ, ಲಕ್ಷಣಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದರು.

ಮಾವನ ಔಷಧಗಳು ಮೊದಲ ತೋಡು ದಾಟುವವರೆಗೆ ಬಂದವು. ಸುಣ್ಣ, ಹೊಗೆಸೊಪ್ಪು ಎರಡೂ ನೀರಿನ ಪಾಲು. ಎರಡೂ ತುದಿಯಲ್ಲಿ ಹೀರುಬಟ್ಟಲಿರುವ ಆ ಪ್ರಾಣಿ ಎಲೆಯ ತುದಿಯಲ್ಲಿ ಎದ್ದು ನಿಂತು ನಮ್ಮ ಉಸಿರನ್ನು ಹುಡುಕುವುದು, ಕಚ್ಚಿದ್ದು ಗೊತ್ತಾಗದಿರುವುದು, ರಕ್ತ ಹೆಪ್ಪುಗಟ್ಟದಂತೆ ರಸ ಬಿಟ್ಟು ಹೋಗುವುದು, ಇವೆಲ್ಲ ಪಾಠವಾಗಿ ಬಂದದ್ದಕ್ಕಿಂತ ಕಾಲುಚೀಲದಲ್ಲಿ ಬಂದದ್ದೇ ಹೆಚ್ಚು. ಪೊಟ್ಟಣದ ಉಪ್ಪು ಥಂಡಿಗೆ ನೀರೊಡೆಯತೊಡಗಿದಾಗ ಅಡುಗೆಯವರು ಅದನ್ನು ಹುರುಳಿ ಸಾರಿಗೆ ಸುರಿದರು.

ಉಪಯೋಗಕ್ಕೆ ಬಂದ ಒಂದೇ ವಸ್ತು ಹಳೆ ಪೇಪರು. ಆ ತೇವದಲ್ಲಿ ಒತ್ತಿಟ್ಟ ಎಲೆಗೆ ದಿನಾ ಪೇಪರು ಬದಲಿಸದಿದ್ದರೆ ಬೂಸಲು. ರಾತ್ರಿ ಗ್ಯಾಸ್‌ಲೈಟಿನ ಸುತ್ತ ಕೂತು ಒದ್ದೆ ಉದಯವಾಣಿ ಬಿಡಿಸಿ ಒಣ ಉದಯವಾಣಿ ಹಾಕುವುದೇ ಕೆಲಸ. ಕಿರಾಲುಬೋಗಿಯ ಎಲೆ ಯಾರದೋ ಶ್ರದ್ಧಾಂಜಲಿಯ ಮೇಲೆ, ರಾಮಪತ್ರೆಯದು ಸಹಕಾರಿ ಸಂಘದ ಮಹಾಸಭೆಯ ಮೇಲೆ. ಮಾರ್ಚಿನ ಪೇಪರು ಸಿಕ್ಕಿದವನಿಗೆ ಹಬ್ಬ. ‘ಇಂದಿನ ಯಕ್ಷಗಾನ’ದ ಪಟ್ಟಿಯನ್ನು ರಾಗವಾಗಿ ಓದುತ್ತಿದ್ದ: ಧರ್ಮಸ್ಥಳ ಮೇಳ ಎಲ್ಲಿ, ಕಟೀಲು ಮೇಳ ಯಾವ ಬಾಕಿಮಾರು ಗದ್ದೆಯಲ್ಲಿ. ಆರು ತಿಂಗಳ ಹಿಂದೆ ಮುಗಿದ ಆಟಗಳಿಗೆ ಹೋಗಲಾಗದ್ದಕ್ಕೆ ನಾವು ಹೊಟ್ಟೆ ಉರಿಸಿಕೊಂಡೆವು. ಎಲೆಗಳ ಲ್ಯಾಟಿನ್ ಹೆಸರು ಈಗ ಮರೆತಿದೆ. ಆ ಓದಿನ ರಾಗ ಕಿವಿಯಲ್ಲಿದೆ.

ಆ ಕಡೆಯ ಕುದುರೆಮುಖದ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಗಡಾಯಿಕಲ್ಲು ಎಂಬ ಬಂಡೆಗುಡ್ಡವೂ ಅದರೊಳಗೆ ಸೇರಿತು. ಈಗ ಅಲ್ಲಿ ಅನುಮತಿಯಿಲ್ಲದೆ ಎಲೆ ಕೀಳುವಂತಿಲ್ಲ, ಒಳ್ಳೆಯದೇ.

ಈಚೆಗೆ ಮೊಮ್ಮಗಳು ಅದೇ ಕಡೆಗೆ ಶಿಬಿರಕ್ಕೆ ಹೊರಟಳು. ಚೀಲ, ಮಳೆಯಂಗಿ, ದುರ್ಬೀನು, ಮೊಣಕಾಲಿನವರೆಗೆ ಬರುವ ಉಂಬಳದ ಕಾಲುಚೀಲ, ಎಲ್ಲ ಕೊರಿಯರಿನಲ್ಲೇ ಬಂದವು. ಹಗ್ಗ ಬೇಡ, ಜಿಪ್ಪು ಒಂದೇ ಎಳೆತಕ್ಕೆ ಮುಚ್ಚಿತು. ಮನೆಯವರಿಗೆಲ್ಲ ಕೈ ಖಾಲಿ. ನಮ್ಮ ಗುಡ್ಡೆಯಲ್ಲೇ ಉಂಟಲ್ಲ ಎಂದು ಅಜ್ಜಿಯ ಹಾಗೆ ಗದರಿಸೋಣವೆಂದರೆ ಗುಡ್ಡೆಯ ತುಂಬ ರಬ್ಬರು. ಕೊನೆಗೆ ಸೋದರಮಾವನನ್ನು ನೆನೆದು ಒಂದು ಪೊಟ್ಟಣ ಉಪ್ಪು ಕಟ್ಟಿಕೊಟ್ಟೆ.

“ಉಪ್ಪು ಹಾಕ್ಬಾರ್ದಂತೆ ಅಜ್ಜ, ಅದಕ್ಕೆ ನೋವಾಗ್ತದೆ.”

“ಮತ್ತೆ ಅದು ನಿನ್ನ ರಕ್ತ ಕುಡಿದ್ರೆ?”

“ಕುಡೀಲಿ. ಅದಕ್ಕೂ ಹೊಟ್ಟೆ ಉಂಟಲ್ಲ?”

ಹೊಟ್ಟೆಯ ಮಾತು ಬಂದದ್ದೇ ತಡ, ನನ್ನ ಹೆಂಡತಿ ಒಳಗೆ ಹೋಗಿ ಹಪ್ಪಳದ ಕಟ್ಟು ತಂದು, ಆ ಒಂದೇ ಎಳೆತದ ಜಿಪ್ಪನ್ನು ಮತ್ತೆ ಬಿಚ್ಚಿದಳು.