ಕರು ಕಟ್ಟಿದ್ದ ಎಂಜಿನ್

ಸಂಘದ ಮೀಟಿಂಗಿನಲ್ಲಿ ಈ ಸಲ ರಾಜ್ಯೋತ್ಸವದ ಮೆರವಣಿಗೆಗೆ ಏನು ಹೊಸದು ಮಾಡೋಣ ಅಂತ ಮಾತು ಬಂತು. ಪ್ರತಿ ವರ್ಷ ಬಾಡಿಗೆ ಟ್ರ್ಯಾಕ್ಟರ್ ಸಾಕು, ಭುವನೇಶ್ವರಿ ತಾಯಿಯ ಫೋಟೋನ ಹಳೇ ಕಾಲದ ಜೀಪಿನಲ್ಲಿ ಕೂರಿಸಿ ತರೋಣ ಅಂದವರು ನಾವೇ. ನಾವು ಅಂದ್ರೆ ಹಾಸ್ಟೆಲಿನ ಒಂದೇ ರೂಮಿನ ನಾಲ್ಕು ಜನ: ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಕಂಪ್ಯೂಟರ್ ಸೈನ್ಸ್. ನಮ್ಮಲ್ಲೊಬ್ಬನ ಊರು ಬಳ್ಳಾರಿ ಹತ್ತಿರದ ರೂಪನಗುಡಿ. ಅವನ ತಾತನ ದನದ ಕೊಟ್ಟಿಗೆ ಪಕ್ಕ 1962ರ ವಿಲ್ಲಿಸ್ ಜೀಪು ನಿಂತಿದೆ ಅನ್ನೋದು ನಮಗೆಲ್ಲ ಗೊತ್ತಿತ್ತು. ಜೀಪು ಮೆರವಣಿಗೆಗೆ ಯಾಕೆ ಬರಲಿಲ್ಲ ಅಂತ ನೀವೆಲ್ಲ ಕೇಳಿದ್ದಕ್ಕೆ ಈ ಬರಹವೇ ಉತ್ತರ.

ಮೊದಲು ಗಾಡಿಯ ಜಾತಕ. ಎರಡನೇ ಮಹಾಯುದ್ಧಕ್ಕೆ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಕೇಳಿದಾಗ 1940ರಲ್ಲಿ ಮೊದಲು ಮಾಡಿಕೊಟ್ಟದ್ದು ಪೆನ್ಸಿಲ್ವೇನಿಯಾದ ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ. ಲಕ್ಷಗಟ್ಟಲೆ ತಯಾರಿಸಿದ್ದು ಮಾತ್ರ ಒಹಾಯೋದ ಟೊಲೆಡೊ ಊರಿನ ವಿಲ್ಲಿಸ್ ಮತ್ತು ಫೋರ್ಡ್. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಹುಟ್ಟಿದ ನಮ್ಮ ಮಹೀಂದ್ರ ಕಂಪನಿ, ಆ ದಶಕದ ಕೊನೆಗೆ ವಿಲ್ಲಿಸ್‌ನಿಂದ ಬಿಡಿಭಾಗ ತರಿಸಿ ಬೊಂಬಾಯಿಯಲ್ಲಿ ಜೋಡಿಸೋಕೆ ಶುರು ಮಾಡಿತು. ತಾತನ ಜೀಪು ಅದೇ ವಂಶದ್ದು, ಸಿಜೆ-3ಬಿ ಮಾಡೆಲ್. ಮುಂದಿನ ಜಾಲರಿಯಲ್ಲಿ ಏಳು ಸೀಳು, ಬಾನೆಟ್ಟಿನ ಪಕ್ಕದಲ್ಲಿ ಉಬ್ಬಕ್ಷರದ ವಿಲ್ಲಿಸ್ ಹೆಸರು. ಬಾನೆಟ್ ಮಾತ್ರ ಬೇರೆ ಜೀಪುಗಳಿಗಿಂತ ಎತ್ತರ. ಅದಕ್ಕೆ ಕಾರಣ ಎಂಜಿನ್ನು. ಯುದ್ಧಕಾಲದ ಎಂಜಿನ್ನಿನಲ್ಲಿ ಎರಡೂ ವಾಲ್ವು ಬ್ಲಾಕಿನಲ್ಲೇ ಇದ್ದವು. ಇದರಲ್ಲಿ ಇನ್ಲೆಟ್ ವಾಲ್ವು ಮೇಲೆ ಹೆಡ್ಡಿನಲ್ಲಿ, ಎಗ್ಸಾಸ್ಟ್ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಎಫ್-ಹೆಡ್ ಅಂತಾರೆ. ಎಂಜಿನ್ ಎತ್ತರ ಆಯ್ತು, ಬಾನೆಟ್ಟೂ ಎತ್ತರ ಆಯ್ತು.

ಇಷ್ಟೆಲ್ಲ ಓದಿಕೊಂಡು ಆಗಸ್ಟಿನ ಒಂದು ಶನಿವಾರ ರೂಪನಗುಡಿ ಬಸ್ಸು ಹತ್ತಿದೆವು. ಕಪ್ಪು ಮಣ್ಣಿನ ಹೊಲ, ಮೆಣಸಿನಕಾಯಿ ಗಿಡ, ಅರ್ಧ ಕನ್ನಡ ಅರ್ಧ ತೆಲುಗು ಮಾತಾಡೋ ಬಸ್ಸು. ಮನೆ ಸೇರಿ ಬಾನೆಟ್ ಎತ್ತಿದರೆ ಒಳಗೆ ಎಫ್-ಹೆಡ್ಡೂ ಇಲ್ಲ ಏನೂ ಇಲ್ಲ. ಇದ್ದದ್ದು ಒಂದು ಡೀಸೆಲ್ ಎಂಜಿನ್ನು, ಅದರ ಮೇಲೆ ಕೋಳಿ ಕೂತು ಮೊಟ್ಟೆ ಇಟ್ಟಿತ್ತು.

"ಪೆಟ್ರೋಲ್ ಎಂಜಿನ್ ಎಂಬತ್ತಾರರಾಗೆ ತೆಗೆಸಿಬಿಟ್ಟೆ ಕಣಪ್ಪ" ಅಂದರು ತಾತ. ಅವರಿಗೀಗ ಎಂಬತ್ತೆರಡು. ಸಂಡೂರಿನ ಗಣಿ ಕಂಟ್ರಾಕ್ಟರ್ ಒಬ್ಬರ ಹತ್ತಿರ 1971ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಗಾಡಿಯಂತೆ. ಪೆಟ್ರೋಲ್ ದುಬಾರಿ ಅಂತ ತೆಗೆಸಿರಬೇಕು ಅಂದುಕೊಂಡು ನಾವು ಮುಂದೆ ಕೇಳಲಿಲ್ಲ.

ಚಿಕ್ಕಪ್ಪನ ಲೆಕ್ಕ ಬೇರೆ ಇತ್ತು. "ದೀಪಾವಳಿಯೊಳಗೆ ಆ ಜಾಗ ಖಾಲಿ ಆಗ್ಬೇಕು. ಹೊಸ ಟ್ರ್ಯಾಕ್ಟರ್ ಬರ್ತೈತೆ. ಗುಜರಿಯವನು ಎರಡು ಸಲ ಬಂದು ನೋಡಿಕೊಂಡು ಹೋಗ್ಯಾನ" ಅಂದರು. ರಸ್ತೆಗೆ ಇಳಿಯೋ ಕಾಗದ ಮಾಡಿಸಿದರೆ ಇರಲಿ, ಇಲ್ಲಾಂದ್ರೆ ತೂಕಕ್ಕೆ. ತಾತ ಏನೂ ಮಾತಾಡಲಿಲ್ಲ. ಎದ್ದು ಹೋಗಿ ಕರುವಿಗೆ ಮೇವು ಹಾಕಿದರು.

ಕಾಗದದ ಕೆಲಸ ಕಂಪ್ಯೂಟರ್ ಸೈನ್ಸಿನವನ ಪಾಲಿಗೆ ಬಂತು. ಎರಡು ದಿನ ಓದಿ ಅವನು ಹೇಳಿದ್ದು ಇಷ್ಟು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಅಂತಲೇ ನಿಯಮ ತಂದಿದೆ. 50 ವರ್ಷ ದಾಟಿದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ಅನ್ವಯ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000. ಮೊದಲೇ ನೋಂದಣಿ ಆಗಿರೋ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ದಿನಾ ಓಡಿಸೋಹಾಗಿಲ್ಲ, ಬಾಡಿಗೆಗೆ ಬಿಡೋಹಾಗಿಲ್ಲ, ಆದರೆ ಪ್ರದರ್ಶನಕ್ಕೆ, ರ್‍ಯಾಲಿಗೆ ತೆಗೆಯಬಹುದು. ನಮ್ಮ ಮೆರವಣಿಗೆಗೆ ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಷರತ್ತು: ಗಾಡಿ ತನ್ನ ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಆರ್‌ಸಿ ಪುಸ್ತಕದಲ್ಲಿ ಇದ್ದದ್ದು ಪೆಟ್ರೋಲ್ ಎಂಜಿನ್ನಿನ ನಂಬರು. ಡೀಸೆಲ್ ಹಾಕಿದ್ದನ್ನು ಯಾರೂ ಬರೆಸಿರಲಿಲ್ಲ.

"ಹಳೇ ಎಂಜಿನ್ ಏನಾಯ್ತು ತಾತ?"

"ಎಲ್ಲಿಗೆ ಹೋಗ್ತೈತೆ? ಅಲ್ಲೇ ಐತೆ ನೋಡ್ರಿ."

ಕೊಟ್ಟಿಗೆ ಮೂಲೆಯಲ್ಲಿ ಕರು ಕಟ್ಟಿದ್ದರಲ್ಲ, ಆ ಹಗ್ಗದ ಇನ್ನೊಂದು ತುದಿ ಗೂಟಕ್ಕಿರಲಿಲ್ಲ. ಗೋಣಿಚೀಲ, ಹುಲ್ಲು, ಸಗಣಿ ಸರಿಸಿದರೆ ಎಂಜಿನ್ ಬ್ಲಾಕು. ಸುಮಾರು ನಲವತ್ತು ವರ್ಷದಲ್ಲಿ ಎಷ್ಟು ಕರುಗಳನ್ನು ಅದು ಹಿಡಿದು ನಿಲ್ಲಿಸಿತ್ತೋ. ವಾಟರ್ ಪಂಪಿನ ಹಿಂದೆ ಬ್ಲಾಕಿನ ಮೇಲ್ಭಾಗದಲ್ಲಿ ನಂಬರು ಕೊರೆದಿರುತ್ತೆ ಅಂತ ಓದಿದ್ದೆವು. ವೈರ್ ಬ್ರಷ್ಷಿನಿಂದ ತಿಕ್ಕಿ, ಸೀಮೆಎಣ್ಣೆ ಹಾಕಿ ಒರೆಸಿ, ಮೊಬೈಲ್ ಬೆಳಕು ಬಿಟ್ಟೆವು. ಒಬ್ಬ ಓದಿದ, ಇನ್ನೊಬ್ಬ ಆರ್‌ಸಿ ಹಿಡಿದು ಒಂದೊಂದೇ ಅಂಕಿ ತಾಳೆ ನೋಡಿದ. ಕೊನೇ ಅಂಕಿ ಕೂಡಿದಾಗ ನಾವು ಕೂಗಿದ ಕೂಗಿಗೆ ಕರು ಹಗ್ಗ ಕಿತ್ತುಕೊಂಡು ಓಡಿತು.

ಅಲ್ಲಿಂದಾಚೆ ನಮ್ಮ ತಪ್ಪುಗಳ ಸರಣಿ. ಮೂರು ವರ್ಷ ಐ.ಸಿ. ಎಂಜಿನ್ ಬಗ್ಗೆ ಬರೆದು ಪಾಸಾದವರು ನಾವು. ಮೊದಲ ದಿನವೇ ನಾಲ್ಕು ಬೋಲ್ಟಿನ ತಲೆ ದುಂಡಗೆ ಸವೆಸಿದೆವು. ಹಾಸ್ಟೆಲಿನಿಂದ ತಂದ ಸ್ಪ್ಯಾನರ್ ಸೆಟ್ಟು ಮಿಲಿಮೀಟರಿನದು, ಗಾಡಿ ಇಂಚಿನದು. ಅರ್ಧ ಇಂಚು ಅಂದ್ರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂತ ಹಾಗೆ ಕಾಣುತ್ತೆ, ಬಲ ಹಾಕಿದಾಗ ಜಾರುತ್ತೆ. 0.3 ಮಿ.ಮೀ. ಅಂದ್ರೆ ಎಷ್ಟು ಅಂತ ನಮ್ಮ ಬೆರಳಿನ ಗಂಟುಗಳಿಗೆ ಅವತ್ತು ಗೊತ್ತಾಯ್ತು.

ಎರಡನೇ ತಪ್ಪು ಇನ್ನೂ ದೊಡ್ಡದು. ಪಿಸ್ಟನ್ನುಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಡೀಸೆಲ್ಲು, ಸೀಮೆಎಣ್ಣೆ ತುಂಬಿ ವಾರಗಟ್ಟಲೆ ನೆನೆಯಲು ಬಿಡಬೇಕಿತ್ತು. ಬರೋ ಸೋಮವಾರ ಇಂಟರ್ನಲ್ಸು ಅಂತ ಆತುರಪಟ್ಟು, ಮರದ ತುಂಡಿಟ್ಟು ಸುತ್ತಿಗೆಯಿಂದ ಹೊಡೆದೆವು. ಮೂರನೇ ಪಿಸ್ಟನ್ ಬಂತು, ಎರಡು ತುಂಡಾಗಿ. ತಾತ ಅಲ್ಲೇ ಕಟ್ಟೆ ಮೇಲೆ ಕೂತಿದ್ದರು. ಬೈಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬ್ಲಾಕನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಳ್ಳಾರಿ ಕೌಲ್ ಬಜಾರಿನ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆವು. ಎಲ್ಲರೂ ಅವರಿಗೆ ಚಾಚಾ ಅಂತಾರೆ, ನಾವೂ ಹಾಗೇ ಅಂದೆವು. ಚಾಚಾ ತುಂಡಾದ ಪಿಸ್ಟನ್ ನೋಡಿದರು, ನಮ್ಮನ್ನು ನೋಡಿದರು. "ಇಂಜಿನಿಯರಿಂಗಾ ಬೇಟಾ?" ಅಂದರು. ಹೌದು ಚಾಚಾ ಅಂದೆವು. "ಗೊತ್ತಾತು ಬಿಡ್ರಿ" ಅಂದರು.

ಕೈಬಿಡಲಿಲ್ಲ ಅವರು. ಸಿಲಿಂಡರ್ ಗೋಡೆ ತುಕ್ಕು ತಿಂದು ಗುಳಿ ಬಿದ್ದಿತ್ತು. ಬೋರಿಂಗ್ ಮಾಡಿಸಿ 40 ಥೌ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸರಿ ಹೋಗುತ್ತೆ ಅಂದರು. ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ. ನಾವು ಅಲ್ಲೇ ಲೆಕ್ಕ ಹಾಕಿದೆವು: ಬೋರು 3.125 ಇಂಚಿನಿಂದ 3.165 ಆಗುತ್ತೆ, ಸ್ಟ್ರೋಕು 4.375 ಇಂಚು, ನಾಲ್ಕು ಸಿಲಿಂಡರು. 2199 ಸಿಸಿ ಇದ್ದದ್ದು 2256 ಆಗುತ್ತೆ. ಚಾಚಾ ಕ್ಯಾಲ್ಕ್ಯುಲೇಟರ್ ಕಡೆ ನೋಡಿ, "ಲೆಕ್ಕ ಸರಿ ಐತೆ. ಸುತ್ತಿಗೆ ಹೊಡಿಯೋ ಮೊದಲು ಹಾಕ್ಬೇಕಿತ್ತು" ಅಂದರು. ಮಹೀಂದ್ರ ಇದೇ ವಂಶದ ಗಾಡಿಗಳನ್ನು ದಶಕಗಟ್ಟಲೆ ಮಾಡಿದ್ದರಿಂದ ಬಿಡಿಭಾಗ ಹುಡುಕೋದು ಅಸಾಧ್ಯ ಆಗಲಿಲ್ಲ. ಪ್ರಾಜೆಕ್ಟಿಗೆ ಅಂತ ಕೂಡಿಟ್ಟ ದುಡ್ಡು ಪೂರ್ತಿ ಅಲ್ಲಿಗೇ ಹೋಯ್ತು.

ಅಕ್ಟೋಬರಿನ ಕೊನೆ ಹೊತ್ತಿಗೆ ಎಂಜಿನ್ ಸ್ಟ್ಯಾಂಡಿನ ಮೇಲೆ ಜೋಡಿಸಿ ನಿಲ್ಲಿಸಿದ್ದೆವು. ಸೆಲ್ಫ್ ಕೊಟ್ಟ ಕೂಡಲೇ ಕಾರ್ಬೊರೇಟರಿನಿಂದ ಪಟಾಕಿ ಹೊಡೆದ ಹಾಗೆ ಬ್ಯಾಕ್‌ಫೈರ್. ಫೈರಿಂಗ್ ಆರ್ಡರ್ 1-3-4-2 ಅಂತ ನಮ್ಮ ಎಲೆಕ್ಟ್ರಿಕಲ್ ಹುಡುಗ ಬಾಯಿಪಾಠ ಮಾಡಿದ್ದ. ಆದರೆ ಡಿಸ್ಟ್ರಿಬ್ಯೂಟರಿನ ರೋಟರ್ ಯಾವ ಕಡೆ ತಿರುಗುತ್ತೆ ಅಂತ ನೋಡದೆ ವೈರು ಹಾಕಿದ್ದ. 1, 4 ಸರಿ, 3, 2 ಅದಲು ಬದಲು. ಎರಡು ವೈರು ಬದಲಿಸಿದ ಮೇಲೆ ಎಂಜಿನ್ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಓಡಿತು. ಚಿಕ್ಕಪ್ಪ ಕೂಡ ಹೊಲದಿಂದ ಬಂದು ನಿಂತರು. ನಾವು ಕುಣಿದೆವು. ತಾತ ಮಾತ್ರ ಎದ್ದು ಒಳಗೆ ಹೋದರು.

ಅವತ್ತು ರಾತ್ರಿ ಊಟದ ಹೊತ್ತಿಗೆ ಅಜ್ಜಿ ಹೇಳಿದರು. ಪೆಟ್ರೋಲ್ ದುಬಾರಿ ಅಂತ ತಾತ ಎಂಜಿನ್ ತೆಗೆಸಿದ್ದಲ್ಲ. ಆಗ ಈ ಕಡೆಯ ಹಳ್ಳಿಗಳಲ್ಲಿ ರಾತ್ರಿ ಹಗಲು ಯಾರಿಗೆ ಹುಷಾರಿಲ್ಲದಿದ್ದರೂ ಬಳ್ಳಾರಿ ದವಾಖಾನೆಗೆ ಈ ಜೀಪೇ ಹೋಗುತ್ತಿತ್ತು. 1986ರ ಮೇ ತಿಂಗಳು, ಮಟಮಟ ಮಧ್ಯಾಹ್ನ. ಹೆರಿಗೆ ನೋವಿನ ಹೆಣ್ಣುಮಗಳನ್ನು ಕೂರಿಸಿಕೊಂಡು ಹೊರಟಿದ್ದರು. ಅರ್ಧ ದಾರಿಯಲ್ಲಿ ಜೀಪು ನಿಂತುಹೋಯ್ತು. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಎಂಜಿನ್ ಸ್ಟಾರ್ಟ್ ಆಗಲ್ಲ. ಕುಡಿಯೋ ನೀರಿನಲ್ಲಿ ಬಟ್ಟೆ ಒದ್ದೆ ಮಾಡಿ ಪಂಪಿನ ಮೇಲೆ ಹಾಕಿ ಹಾಕಿ ಒಂದು ತಾಸಾದ ಮೇಲೆ ಹೊರಟಿತಂತೆ. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಬೇಗ ಬಂದಿದ್ದರೂ ಕಷ್ಟವಿತ್ತು ಅಂತ ಡಾಕ್ಟರು ಅಂದರಂತೆ. ತಾತ ಅದನ್ನು ನಂಬಲಿಲ್ಲ. ಆ ತಿಂಗಳೇ ಎಂಜಿನ್ ಇಳಿಸಿದರು.

ನಮ್ಮ ಭಾಷೆಯಲ್ಲಿ ಅದಕ್ಕೆ ವೇಪರ್ ಲಾಕ್ ಅಂತ ಹೆಸರು. ಪರೀಕ್ಷೆಯಲ್ಲಿ ಬರೆದಿದ್ದೇವೆ ಕೂಡ. ಬಿಸಿಗೆ ಪೈಪಿನೊಳಗೇ ಪೆಟ್ರೋಲ್ ಕುದಿದು ಆವಿಯಾಗುತ್ತೆ. ಪಂಪು ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಟೊಲೆಡೊದಲ್ಲಿ ಕೂತು ಪೈಪಿನ ದಾರಿ ಗೆರೆ ಎಳೆದವರಿಗೆ ಬಳ್ಳಾರಿಯ ಮೇ ತಿಂಗಳು ಗೊತ್ತಿರಲಿಲ್ಲ.

ಆ ರಾತ್ರಿ ನಾವು ಮಾಳಿಗೆ ಮೇಲೆ ಮಲಗಿ ಬಹಳ ಹೊತ್ತು ಮಾತಾಡಿದೆವು. ಎರಡು ತಿಂಗಳು 'ಒರಿಜಿನಲ್, ಒರಿಜಿನಲ್' ಅಂತ ಜಪ ಮಾಡಿದ್ದೆವು. ಡೀಸೆಲ್ ಹಾಕಿ ಗಾಡಿ ಕೆಡಿಸಿದ್ದಾರೆ ಅಂತ ಒಬ್ಬರಿಗೊಬ್ಬರು ಹೇಳಿಕೊಂಡಿದ್ದೂ ಉಂಟು. ಅಮೆರಿಕದ ಗಾಡಿ ಅಮೆರಿಕ ಬಿಟ್ಟು ಹೊರಟ ಮೇಲೆ ಎಲ್ಲಾ ಕಡೆಯೂ ಹೀಗೇ ಆಗಿದೆ. ಕ್ಯೂಬಾದಲ್ಲಿ 1960ರ ದಶಕದಿಂದ ಅಮೆರಿಕದ ಬಿಡಿಭಾಗ ಬರೋದು ನಿಂತ ಮೇಲೆ, ಹವಾನಾದ ಷೆವ್ರೊಲೆಗಳು ಬೇರೆ ಬೇರೆ ಡೀಸೆಲ್ ಎಂಜಿನ್ ಹಾಕಿಕೊಂಡು ಇವತ್ತಿಗೂ ಟ್ಯಾಕ್ಸಿಯಾಗಿ ಓಡುತ್ತಿವೆ. ಯುದ್ಧ ಮುಗಿದ ಮೇಲೆ ಫಿಲಿಪ್ಪೀನ್ಸಿನಲ್ಲಿ ಉಳಿದ ಜೀಪುಗಳನ್ನು ಅಲ್ಲಿನ ಜನ ಉದ್ದ ಮಾಡಿ, ಎರಡೂ ಕಡೆ ಸೀಟು ಹಾಕಿ ಜೀಪ್ನಿ ಅಂತ ಮಾಡಿಕೊಂಡರು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಮಿರಮಿರ ಮಿಂಚೋ ಗಾಡಿಗಳನ್ನು ನೋಡಿ ನಾವೂ ಬೆರಗಾದವರೇ. ಆದರೆ ತಾತನ ಗಾಡಿ ಬದಲಾದದ್ದಕ್ಕೆ ಒಂದು ಕಾರಣ ಇತ್ತು, ಆ ಕಾರಣ ಆರ್‌ಸಿ ಪುಸ್ತಕದಲ್ಲಿ ಬರೆಯೋಹಾಗಿರಲಿಲ್ಲ. ಡೀಸೆಲ್ ಬಿಟ್ಟರೆ ಗಾಡಿ ಗುಜರಿಗೆ. ಪೆಟ್ರೋಲ್ ಹಾಕಿದರೆ ತಾತನ ಎದುರಿಗೆ ದಿನಾ ಅದೇ ಸದ್ದು.

ಬೆಳಿಗ್ಗೆ ನೇರವಾಗಿ ಕೇಳಿದೆವು. "ತಾತ, ನಮಗೆ ಗೊತ್ತಿರಲಿಲ್ಲ. ಬೇಡ ಅಂದ್ರೆ ಇಲ್ಲಿಗೇ ನಿಲ್ಲಿಸ್ತೀವಿ."

ಅವರು ಸ್ಟ್ಯಾಂಡಿನ ಮೇಲಿದ್ದ ಎಂಜಿನ್ ಸುತ್ತ ಒಂದು ಸುತ್ತು ಬಂದರು. ಪೆಟ್ರೋಲ್ ಪೈಪಿನ ಮೇಲೆ ಬೆರಳಿಟ್ಟು ಎಗ್ಸಾಸ್ಟ್ ತನಕ ಎಳೆದರು. "ಇದನ್ನ ಇಷ್ಟು ಹತ್ರ ಯಾಕೆ ಬಿಟ್ಟೀರಿ?" ಅಂದರು.

"ಕಂಪನಿಯವರು ಹಂಗೇ ಕೊಟ್ಟಿದ್ದು ತಾತ."

"ಕಂಪನಿಯವರು ಕೊಟ್ಟಿದ್ದು ನಂಗೂ ಗೊತ್ತು. ನೀವು ಓದಿದೋರಲ್ಲ. ದೂರ ತಗೀರಿ. ಆಮೇಲೆ ಕೂರಿಸ್ರಿ."

ಹಾಗಾಗಿ ನವೆಂಬರ್ ಒಂದರಂದು ನೀವೆಲ್ಲ ಬಾಡಿಗೆ ಟ್ರ್ಯಾಕ್ಟರಿನ ಹಿಂದೆ ಕುಣಿಯುತ್ತಿದ್ದಾಗ ನಾವು ರೂಪನಗುಡಿಯಲ್ಲಿ ತಾಮ್ರದ ಪೈಪು ಬಗ್ಗಿಸುತ್ತಿದ್ದೆವು. ಪೈಪನ್ನು ಎಗ್ಸಾಸ್ಟಿನಿಂದ ದೂರಕ್ಕೆ ಸುತ್ತಿಸಿ, ನಡುವೆ ತಗಡಿನ ಮರೆ ಹಾಕಿದ್ದೇವೆ. ಇದು ಟೊಲೆಡೊದ ನಕ್ಷೆಯಲ್ಲಿ ಇಲ್ಲ. ತಪಾಸಣೆಗೆ ಬರೋ ಸಾಹೇಬರು ಕೇಳಿದರೆ ಮುಚ್ಚಿಡೋದಿಲ್ಲ, ಯಾಕೆ ಹಾಕಿದ್ದೇವೆ ಅಂತ ಹೇಳುತ್ತೇವೆ. ಅರ್ಜಿ ಹಾಕಿದ್ದಾಗಿದೆ, ಉತ್ತರ ಇನ್ನೂ ಬಂದಿಲ್ಲ. ಚಿಕ್ಕಪ್ಪ ಹೊಸ ಟ್ರ್ಯಾಕ್ಟರನ್ನು ಸದ್ಯಕ್ಕೆ ಅಂಗಳದಲ್ಲೇ ನಿಲ್ಲಿಸಿಕೊಂಡಿದ್ದಾರೆ, ಸಂಕ್ರಾಂತಿ ತನಕ ಅಂತ ಗಡುವು ಕೊಟ್ಟಿದ್ದಾರೆ.

ಹೋದ ಭಾನುವಾರ ಜೀಪನ್ನು ತಾತನ ಹೊಲದೊಳಗೇ ಓಡಿಸಿದೆವು. ಸ್ಟೇರಿಂಗ್ ತಾತನದ್ದು. ಮಧ್ಯಾಹ್ನವೇ ಓಡಿಸಬೇಕು, ಬಿಸಿಲು ಏರಿದ ಮೇಲೆ ಅಂತ ಅವರದೇ ಹಟ. ಮುಕ್ಕಾಲು ಗಂಟೆ ಸುತ್ತಿದರು. ನಿಲ್ಲಿಸಿದರು, ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಕೊಟ್ಟರು. ಹಿಡಿಯಿತು. ಮತ್ತೆ ನಿಲ್ಲಿಸಿದರು, ಮತ್ತೆ ಕೊಟ್ಟರು. ಹೀಗೆ ಐದು ಸಲ. ಆಮೇಲೆ ಇಳಿದು, "ಮೇ ತಿಂಗಳಾಗೂ ನೋಡ್ಬೇಕು" ಅಂದರು.

ಕೊಟ್ಟಿಗೆಯಲ್ಲಿ ಈಗ ಕರುವನ್ನು ಡೀಸೆಲ್ ಎಂಜಿನ್ನಿಗೆ ಕಟ್ಟಿದ್ದಾರೆ. ಮೇ ತಿಂಗಳಿಗೆ ನಮ್ಮ ಸೆಮಿಸ್ಟರ್ ಪರೀಕ್ಷೆ ಇರುತ್ತೆ, ಆದರೂ ಹೋಗುತ್ತೇವೆ. ಬರುವವರು ಅರ್ಧ ಇಂಚಿನ ಸ್ಪ್ಯಾನರ್ ತನ್ನಿ.